ವಿಶ್ವೇಶ್ವರಯ್ಯನವರ ಬದುಕು ಮತ್ತು ಒಂದು ಘಟಕ ಪರೀಕ್ಷೆ

ಸವದತ್ತಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. ಒಂಬತ್ತನೇ ತರಗತಿಗೆ ಪ್ಲವನತೆಯ ಪಾಠ. ನವಿಲುತೀರ್ಥದ ಅಣೆಕಟ್ಟು ಕಂಡ ಮಕ್ಕಳಾದ್ದರಿಂದ ಅಲ್ಲಿಂದಲೇ ಪೀಠಿಕೆ ಹಾಕಿ, ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ಹತ್ತು ನಿಮಿಷ ಹೇಳುವುದೆಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅದು ಇಡೀ ಅವಧಿಯನ್ನೇ ತಿಂದಿತು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ವಿನ್ಯಾಸ. ನೀರು ಗೊತ್ತಾದ ಮಟ್ಟ ಮೀರಿದರೆ ತಾವೇ ತೆರೆಯುತ್ತವೆ, ಇಳಿದರೆ ತಾವೇ ಮುಚ್ಚುತ್ತವೆ. ಅದರ ಪೇಟೆಂಟ್ ಅವರ ಹೆಸರಿನಲ್ಲಿತ್ತು. ಆದರೆ ಸರ್ಕಾರದ ಸಂಬಳದಲ್ಲಿದ್ದಾಗ ಮಾಡಿದ ಕೆಲಸವೆಂದು ರಾಯಧನ ತೆಗೆದುಕೊಳ್ಳಲಿಲ್ಲ ಎಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ತಾನೇ ಬಾಗಿಲು ಆರಿಸುವ ಎಂಜಿನಿಯರ್, ಅದರ ಮಾರಾಟದಲ್ಲಿ ತನಗೇ ಪಾಲು. ಹಿತಾಸಕ್ತಿ ಸಂಘರ್ಷ ಎನ್ನುವುದು ಇದಕ್ಕೇ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಆ ಹುದ್ದೆ ಒಪ್ಪುವ ಮೊದಲು ಬಂಧುಗಳನ್ನು ಊಟಕ್ಕೆ ಕರೆದು, ಯಾರೂ ಶಿಫಾರಸು ಕೇಳಬಾರದೆಂಬ ಮಾತು ಪಡೆದರಂತೆ. ನನಗೆ ಹಿಡಿಸಿದ್ದು ಆ ‘ಮೊದಲು’. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವುದನ್ನು ಒಪ್ಪದೆ 1918ರಲ್ಲಿ ಅಧಿಕಾರ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. ಮೇಲಿನ ಹುದ್ದೆಗಳಲ್ಲಿ ಆಗ ಹೆಚ್ಚಿನವರು ಅವರ ಸಮುದಾಯದವರೇ ಆಗಿದ್ದರು. ಬಂಧುಗಳಿಗೆ ಬಾಗಿಲು ಹಾಕಿದವರಿಗೆ ಇದು ಕಾಣಲಿಲ್ಲವೆಂದೇ ನನ್ನ ಅನಿಸಿಕೆ. ಭದ್ರಾವತಿಯ ಕಬ್ಬಿಣ ಕಾರ್ಖಾನೆ, 1955ರ ಭಾರತರತ್ನ, 1962ರ ನಿಧನ ಎಲ್ಲವನ್ನೂ ಗಂಟೆ ಹೊಡೆಯುವಷ್ಟರಲ್ಲಿ ಓಡಿಸಿದೆ.

ಆಗ ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. ಇವೆಲ್ಲ ಅವರದೇ ವಿಷಯ ಆತಲ್ಲ ಸರ್, ಜೋಡಿ ಕೆಲಸ ಮಾಡೋ ಎಂಜಿನಿಯರನ ತಮ್ಮನೇ ಗುತ್ತಿಗೆದಾರ ಆಗಿದ್ದರೆ ಏನು ಮಾಡಬೇಕು ಎಂದು ಕೇಳಿದ. ನಾಳೆ ಹೇಳುತ್ತೇನೆಂದು ಜಾರಿಕೊಂಡೆ.

ಜಾರಿಕೊಳ್ಳಲು ಕಾರಣವಿತ್ತು. ನನ್ನ ಸಹ ಪ್ರಶಿಕ್ಷಣಾರ್ಥಿಯೊಬ್ಬರು ಆ ವಾರ ಎಂಟನೇ ತರಗತಿಯ ಘಟಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅದರಲ್ಲಿ ಅವರ ಅಕ್ಕನ ಮಗಳದೂ ಇತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮಾರ್ಗದರ್ಶಕರಿಗೆ ಹೇಳಿದರೆ ಚಾಡಿ ಆಗುತ್ತದೆ. ಅವರೇನೂ ತಪ್ಪು ಮಾಡಿರಲೂ ಇಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಅವರನ್ನೇ ಕೇಳಿದೆ. ಅಕ್ಕಾರಿಗೆ ಸಿಟ್ಟು ಬಂತು. ಯಾರೂ ಬೆರಳು ತೋರಿಸಬಾರದೆಂದು ಆ ಹುಡುಗಿಗೆ ಬಿಗಿಯಾಗಿಯೇ ಅಂಕ ಹಾಕಿದ್ದೇನೆ ಎಂದರು. ಹಾಗಾದರೆ ಹುಡುಗಿಯ ಗತಿ ಏನೆಂದೆ. ಬೈಲಹೊಂಗಲದ ಬಸ್ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮರುದಿನ ಅವರೇ ಹೋಗಿ ವಿಷಯ ಶಿಕ್ಷಕರಿಗೆ ತಿಳಿಸಿದರು. ಆ ಒಂದು ಪತ್ರಿಕೆ ನನ್ನ ಕೈಗೆ ಬಂತು. ತಿದ್ದಿ ನೋಡಿದರೆ ಹುಡುಗಿಗೆ 3 ಅಂಕ ಹೆಚ್ಚಿಗೆ ಬಂದವು.