ಉಮೇದುವಾರನನ್ನು ಆರಿಸತಕ್ಕವರು ಯಾರು?

ಮತಾಧಿಕಾರವು ಜನರಿಗಿದ್ದು, ಉಮೇದುವಾರನನ್ನು ಗೊತ್ತುಮಾಡುವ ಅಧಿಕಾರವು ನಾಲ್ವರು ಮುಖಂಡರ ಮುಷ್ಟಿಯಲ್ಲಿದ್ದರೆ ಆ ಮತಕ್ಕೆ ಬೆಲೆಯೇನು? ಅಮೆರಿಕದ ರಾಬರ್ಟ್ ಲಾ ಫಾಲೆಟ್ ಮಹಾಶಯರ ಜೀವನವು ಈ ಪ್ರಶ್ನೆಗೆ ಉತ್ತರವೆಂದು ನಾವು ಭಾವಿಸುತ್ತೇವೆ.

1855ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ರೈತಕುಟುಂಬದಲ್ಲಿ ಜನಿಸಿದ ಇವರು ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿಸಭೆಗೆ ಹೋಗಿ, 1890ರ ಮ್ಯಾಕಿನ್ಲಿ ಸುಂಕದ ಕಾಯಿದೆಯ ರಚನೆಯಲ್ಲಿ ಭಾಗಿಗಳಾದರು. ಪರದೇಶದ ಸರಕಿನ ಮೇಲೆ ಸುಂಕವೇರಿತು; ಬೆಲೆಯೇರೀತೆಂದು ಜನರು ಮುನಿದರು; ಅದೇ ವರ್ಷದ ಚುನಾವಣೆಯಲ್ಲಿ ಇವರು ಸ್ಥಾನ ಕಳೆದುಕೊಂಡರು.

ಬಳಿಕ ಗವರ್ನರ್ ಪದವಿಗೆ 1896 ಮತ್ತು 1898ರಲ್ಲಿ ಪಕ್ಷದ ಉಮೇದುವಾರಿಕೆಯನ್ನು ಬಯಸಿದಾಗ ಸಮ್ಮೇಳನವನ್ನಾಳುತ್ತಿದ್ದ ಮುಖಂಡರು ತಪ್ಪಿಸಿದರು. ಇವರು ಎದೆಗುಂದಲಿಲ್ಲ. 1900ರಲ್ಲಿ ಗವರ್ನರರಾಗಿ ಚುನಾಯಿತರಾದರು. ಉಮೇದುವಾರನನ್ನು ಮತದಾರರೇ ನೇರವಾಗಿ ಆರಿಸತಕ್ಕ ಕಾಯಿದೆಗೆ 1904ರಲ್ಲಿ ಜನರ ಒಪ್ಪಿಗೆ ದೊರಕಿತು.

ಸೆನೆಟ್ ಸಭೆಯಲ್ಲಿ 1909ರ ಪೇನ್-ಆಲ್ಡ್ರಿಚ್ ಸುಂಕದ ಮಸೂದೆಯನ್ನು ಸ್ವಪಕ್ಷದ್ದೆಂದು ನೋಡದೆ ವಿರೋಧಿಸಿದರು. ಒಮ್ಮೆ ಸುಂಕವನ್ನೇರಿಸಿದ ಕೈಯೇ ಅದನ್ನು ತಡೆಯಲೆತ್ನಿಸಿದುದು ಚಂಚಲತೆಯಲ್ಲ, ಅನುಭವದ ಫಲ. 1924ರಲ್ಲಿ ಅಧ್ಯಕ್ಷಪದವಿಗೆ ಪ್ರತ್ಯೇಕವಾಗಿ ನಿಂತು ಸುಮಾರು 48 ಲಕ್ಷ ಮತ ಪಡೆದರೂ ಗೆದ್ದುದು ವಿಸ್ಕಾನ್ಸಿನ್ ಒಂದನ್ನೇ, 1925ರಲ್ಲಿ ನಿಧನರಾದರು.

ಸುಂಕದ ಹೊರೆ ಹೊರುವವನಿಗೆ ಸುಂಕ ವಿಧಿಸುವವನನ್ನು ಆರಿಸುವ ಹಕ್ಕು ಮೊದಲ ಮೆಟ್ಟಿಲಿನಿಂದಲೇ ಇರತಕ್ಕದ್ದು. ಪಕ್ಷದ ಬಾಗಿಲು ಮುಚ್ಚಿದ್ದಲ್ಲಿ ಮತಪೆಟ್ಟಿಗೆ ತೆರೆದಿದ್ದೂ ವ್ಯರ್ಥ.