ಸಂಗೀತಗಾರ ಗುಸ್ತಾವ್ ಮಾಲರ್

ಈ ಸಲ ನಾನು ಗುಸ್ತಾವ್ ಮಾಲರ್ ಅವರ ವಿಷಯ ಬರೆದಿದ್ದೇನೆ. ಇವರು 1860ರ ಜುಲೈ 7ರಂದು ಈಗಿನ ಚೆಕ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದರು. ದೊಡ್ಡವರಾಗಿ ವಿಯೆನ್ನಾದಲ್ಲಿ ಹೆಸರುವಾಸಿ ಸಂಗೀತಗಾರರಾದರು.

1907ರಲ್ಲಿ ಡಾಕ್ಟರು ಪರೀಕ್ಷಿಸಿ, ಇವರ ಹೃದಯದ ಕವಾಟ ಕೆಟ್ಟಿದೆ ಅಂದರು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ರೋಗಾಣು ತಗುಲಿದಾಗ ಸರಿಯಾಗಿ ಔಷಧಿ ಮಾಡದಿದ್ದರೆ, ಕೆಲವು ಮಕ್ಕಳಿಗೆ ಕೀಲುನೋವಿನ ಜ್ವರ ಬಂದು ಕವಾಟ ಹೀಗೆ ಕೆಡುತ್ತದೆ. ಕೆಟ್ಟ ಕವಾಟ ಒರಟು. ಬಾಯಿ, ಒಸಡಿನಿಂದ ರಕ್ತಕ್ಕೆ ಸೇರಿದ ಅದೇ ಬಳಗದ ರೋಗಾಣು ಅಲ್ಲೇ ಗೂಡು ಕಟ್ಟಿ, ಮತ್ತೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಜ್ವರ ಬಿಡೋದೇ ಇಲ್ಲ.

1911ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಮಾಲರ್ ಜ್ವರದಲ್ಲೇ ಕಚೇರಿ ನಡೆಸಿದರು. ಅದೇ ಕೊನೆಯದು. ರಕ್ತ ಪರೀಕ್ಷೆಯಲ್ಲಿ ಸ್ಟ್ರೆಪ್ಟೊಕಾಕಸ್ ಸಿಕ್ಕಿತು. ಆದರೆ ಔಷಧಿ ಎಲ್ಲಿತ್ತು? ಪೆನಿಸಿಲಿನ್ ಗೊತ್ತಾದದ್ದೇ 1928ರಲ್ಲಿ. ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ವಯಸ್ಸು ಬರೀ 50. ಹತ್ತನೇ ಸಿಂಫನಿ ಅರ್ಧಕ್ಕೇ ನಿಂತಿತು.

ನಮಗೀಗ ಔಷಧಿ ಇದೆ. ಗಂಟಲುನೋವು, ಜ್ವರ ಒಟ್ಟಿಗೆ ಬಂದರೆ ಸುಮ್ಮನಿರಬೇಡಿ, ಆಸ್ಪತ್ರೆಗೆ ತೋರಿಸಿ. ಕೊಟ್ಟ ಗುಳಿಗೆ ಪೂರ್ತಿ ನುಂಗಿ, ನಡುವೆ ಬಿಡಬೇಡಿ. ದಿನಾ ಹಲ್ಲುಜ್ಜಿ. ಕವಾಟದ ತೊಂದರೆ ಇರೋರು ಹಲ್ಲು ಕೀಳಿಸೋ ಮುಂಚೆ ಡಾಕ್ಟರಿಗೆ ಹೇಳಲೇಬೇಕು.