ಕವಾಟಕ್ಕೆ ಎರಡನೇ ಕಾವಲು ಇಟ್ಟ ಟ್ರೆವಿಥಿಕ್

1803ರ ಸೆಪ್ಟೆಂಬರ್ 8ರಂದು ಲಂಡನ್ ಸಮೀಪದ ಗ್ರೀನಿಚ್‌ನಲ್ಲಿ ಬಾಯ್ಲರ್ ಒಂದು ಸಿಡಿಯಿತು. ಗಿರಣಿಯೊಂದರ ಅಡಿಪಾಯದಲ್ಲಿ ತುಂಬಿದ ನೀರನ್ನು ಹೊರಹಾಕಲು ಅಲ್ಲಿ ಉಗಿಯಂತ್ರವನ್ನು ಹೂಡಲಾಗಿತ್ತು. ಮೂವರು ಸ್ಥಳದಲ್ಲಿಯೇ ಮೃತಪಟ್ಟರು. ಗಾಯಗೊಂಡಿದ್ದ ಮತ್ತೊಬ್ಬ ಬಳಿಕ ಕೊನೆಯುಸಿರೆಳೆದ. ಆ ಯಂತ್ರವನ್ನು ರೂಪಿಸಿದ ರಿಚರ್ಡ್ ಟ್ರೆವಿಥಿಕ್‌ಗೆ ಆಗ 32 ವರ್ಷ. ಆತನ ಹೆಸರಿಗೆ ಅಂಟಿಕೊಳ್ಳಬಹುದಾಗಿದ್ದ ಈ ಕಳಂಕವೇ ಮುಂದೆ ಬಾಯ್ಲರ್ ಸುರಕ್ಷತೆಯ ಮೊದಲ ಪಾಠವಾಯಿತು.

ಟ್ರೆವಿಥಿಕ್ ಹುಟ್ಟಿದ್ದು 1771ರ ಏಪ್ರಿಲ್ 13ರಂದು, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. ತವರ ಮತ್ತು ತಾಮ್ರದ ಗಣಿಗಳ ನಾಡು ಅದು. ಕೋಲಾರದ ಚಿನ್ನದ ಗಣಿಗಳಿಗೆ 1880ರ ದಶಕದಿಂದ ನುರಿತ ಕೆಲಸಗಾರರು ಬಂದದ್ದೂ ಇದೇ ಪ್ರದೇಶದಿಂದ. ತಂದೆ ಗಣಿಯ ಮೇಲ್ವಿಚಾರಕರಾಗಿದ್ದರು. ಮಗನಿಗೆ ಶಾಲೆಯ ಪಾಠಕ್ಕಿಂತ ಗಣಿಯ ಯಂತ್ರಗಳ ಮೇಲೆಯೇ ಒಲವು. ಆರಡಿ ಮೀರಿದ ಎತ್ತರ ಮತ್ತು ಕುಸ್ತಿಪಟುವಿನ ಮೈಕಟ್ಟಿನಿಂದ ಆತ ಊರಿನಲ್ಲಿ ಹೆಸರಾಗಿದ್ದ. 1797ರಲ್ಲಿ ಹೇಲ್ ಪಟ್ಟಣದ ಎರಕದ ಕಾರ್ಖಾನೆಯ ಮನೆತನದ ಜೇನ್ ಹಾರ್ವಿಯನ್ನು ವರಿಸಿದ.

ಆ ಕಾಲದಲ್ಲಿ ಉಗಿಯಂತ್ರ ಎಂದರೆ ಜೇಮ್ಸ್ ವಾಟ್. ಆತನ ಯಂತ್ರಗಳು ವಾಯುಮಂಡಲದ ಒತ್ತಡಕ್ಕಿಂತ ತುಸುವೇ ಹೆಚ್ಚಿನ ಒತ್ತಡದ ಉಗಿಯಲ್ಲಿ ನಡೆಯುತ್ತಿದ್ದವು. ಒತ್ತಡ ಹೆಚ್ಚಿಸುವುದು ಅಪಾಯಕರ ಎಂಬುದು ವಾಟ್‌ನ ದೃಢ ನಂಬಿಕೆಯಾಗಿತ್ತು. ಆದರೆ ಅಧಿಕ ಒತ್ತಡದ ಉಗಿಯನ್ನು ಬಳಸಿದರೆ ಯಂತ್ರ ಚಿಕ್ಕದಾಗುತ್ತದೆ, ಹಗುರಾಗುತ್ತದೆ, ಗಾಲಿಗಳ ಮೇಲೂ ಕೂರುತ್ತದೆ ಎಂಬುದನ್ನು ಟ್ರೆವಿಥಿಕ್ ಕಂಡುಕೊಂಡ. ವಾಟ್‌ನ ಪೇಟೆಂಟ್ 1800ರಲ್ಲಿ ಮುಗಿಯುತ್ತಿದ್ದಂತೆ ಆತನ ಹಾದಿ ಸುಗಮವಾಯಿತು. 1801ರ ಕ್ರಿಸ್ಮಸ್ ಮುನ್ನಾದಿನ ಕ್ಯಾಂಬೋರ್ನ್‌ನ ಏರುರಸ್ತೆಯಲ್ಲಿ ಆತನ ಉಗಿಬಂಡಿ ಜನರನ್ನು ಹೊತ್ತು ಸಾಗಿತು. 1802ರಲ್ಲಿ ಆಂಡ್ರ್ಯೂ ವಿವಿಯನ್ ಜೊತೆಗೂಡಿ ಪೇಟೆಂಟ್ ಪಡೆದ.

ಅಧಿಕ ಒತ್ತಡದ ಬಾಯ್ಲರ್‌ಗೆ ಸುರಕ್ಷತಾ ಕವಾಟವೇ ಪ್ರಾಣ. ಬಾಯ್ಲರ್‌ನ ಮೇಲ್ಭಾಗದ ರಂಧ್ರವನ್ನು ಒಂದು ಬಿಲ್ಲೆ ಮುಚ್ಚಿರುತ್ತದೆ. ಅದನ್ನು ಒತ್ತಿಹಿಡಿಯುವ ಸನ್ನೆಕೋಲಿನ ತುದಿಯಲ್ಲಿ ತೂಕದ ಗುಂಡು ತೂಗುತ್ತದೆ. ಒತ್ತಡ ನಿಗದಿತ ಮಿತಿ ಮೀರಿದೊಡನೆ ಬಿಲ್ಲೆ ಮೇಲೆದ್ದು ಉಗಿ ಹೊರಹೋಗುತ್ತದೆ. ಪ್ರೆಷರ್ ಕುಕ್ಕರಿನ ಮುಚ್ಚಳದ ಮೇಲಿನ ತೂಕ ಮಾಡುವುದೂ ಇದೇ ಕೆಲಸವನ್ನು. ಗುಂಡನ್ನು ಕೋಲಿನ ಮೇಲೆ ಹಿಂದೆ ಮುಂದೆ ಸರಿಸಿದರೆ ಮಿತಿ ಬದಲಾಗುತ್ತದೆ. ಸೌಲಭ್ಯವೂ ಅದೇ, ಅಪಾಯವೂ ಅದೇ.

ಗ್ರೀನಿಚ್‌ನಲ್ಲಿ ಸಂಭವಿಸಿದ್ದು ಈ ಅಪಾಯವೇ. ಟ್ರೆವಿಥಿಕ್ ತನ್ನ ಪತ್ರವೊಂದರಲ್ಲಿ ವಿವರಿಸಿರುವ ಪ್ರಕಾರ, ಯಂತ್ರ ನೋಡಿಕೊಳ್ಳಬೇಕಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಹೊಣೆಯನ್ನು ಕೂಲಿಯಾಳೊಬ್ಬನಿಗೆ ವಹಿಸಿದ್ದ. ಕವಾಟದ ಸನ್ನೆಕೋಲು ಮೇಲೇಳದಂತೆ ಅದಕ್ಕೆ ಸ್ಪ್ಯಾನರ್ ಒಂದನ್ನು ಬಿಗಿಯಲಾಗಿತ್ತು. ಯಂತ್ರ ಎಂದಿಗಿಂತ ವೇಗವಾಗಿ ಓಡುವುದನ್ನು ಕಂಡ ಆಳು ಅದನ್ನು ನಿಲ್ಲಿಸಿದನೇ ಹೊರತು ಸ್ಪ್ಯಾನರ್ ತೆಗೆಯಲಿಲ್ಲ. ಒಲೆ ಉರಿಯುತ್ತಲೇ ಇತ್ತು. ಉಗಿಗೆ ಹೊರಹೋಗುವ ದಾರಿಯೇ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎರಕದ ಕಬ್ಬಿಣದ ಬಾಯ್ಲರ್ ಛಿದ್ರವಾಯಿತು.

ವಾಟ್‌ನ ಕಂಪೆನಿ ಈ ದುರಂತವನ್ನು ತನ್ನ ವಿರುದ್ಧ ಬಳಸಿಕೊಳ್ಳುತ್ತಿದೆ ಎಂಬುದು ಟ್ರೆವಿಥಿಕ್‌ನ ದೂರಾಗಿತ್ತು. ಆತ ತಪ್ಪನ್ನು ಕೂಲಿಯಾಳಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಅಧಿಕ ಒತ್ತಡದ ಯಂತ್ರವನ್ನೇ ಕೈಬಿಡಲೂಬಹುದಿತ್ತು. ಎರಡನ್ನೂ ಮಾಡದೆ ವಿನ್ಯಾಸವನ್ನೇ ತಿದ್ದಿದ.

ಮುಂದಿನ ಬಾಯ್ಲರ್‌ಗಳಿಗೆ ಆತ ಎರಡು ಸುರಕ್ಷತಾ ಕವಾಟಗಳನ್ನು ಅಳವಡಿಸಿದ. ಒಂದನ್ನು ಚಾಲಕ ಹೊಂದಿಸಬಹುದಿತ್ತು. ಮತ್ತೊಂದು ಆತನ ಹಿಡಿತಕ್ಕೆ ಸಿಗದಂತಿತ್ತು. ಕನಿಷ್ಠ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಸೀಸದ ಬಿರಡೆ ಕೂರಿಸಿದ. ನೀರು ಇಳಿದು ಬಿರಡೆ ಬಯಲಾದರೆ ಸೀಸ ಕರಗಿ, ಉಗಿ ಒಲೆಗೆ ನುಗ್ಗಿ, ಸದ್ದಿನಿಂದಲೇ ಎಚ್ಚರಿಕೆ ನೀಡುತ್ತಿತ್ತು. ಒತ್ತಡ ತೋರಿಸಲು ಪಾದರಸದ ಮಾಪಕ ಇಟ್ಟ. ಕವಾಟ ಸಿಕ್ಕಿಹಾಕಿಕೊಂಡರೆ ಪಾದರಸವೇ ಹೊರಚಿಮ್ಮಿ ಉಗಿಗೆ ದಾರಿ ಬಿಡಬೇಕೆಂಬುದು ಆತನ ಯೋಜನೆ. ಬಾಯ್ಲರ್‌ಗಳನ್ನು ನೀರಿನ ಒತ್ತಡದಿಂದ ಪರೀಕ್ಷಿಸುವ ಕ್ರಮವನ್ನೂ ರೂಢಿಗೆ ತಂದ.

ದುರಂತ ನಡೆದು ಆರು ತಿಂಗಳು ತುಂಬುವ ಮೊದಲೇ, 1804ರ ಫೆಬ್ರುವರಿ 21ರಂದು, ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ಆತನ ಎಂಜಿನ್ 10 ಟನ್ ಕಬ್ಬಿಣ ಹಾಗೂ 70 ಜನರನ್ನು ಹಳಿಗಳ ಮೇಲೆ ಒಂಬತ್ತು ಮೈಲಿಗೂ ಹೆಚ್ಚು ದೂರ ಎಳೆಯಿತು. ರೈಲಿನ ಇತಿಹಾಸ ಅಲ್ಲಿಂದ ಆರಂಭ. ಆದರೆ ಎಂಜಿನ್‌ನ ಭಾರಕ್ಕೆ ಎರಕದ ಹಳಿಗಳು ಮುರಿದವು.

ಅದೃಷ್ಟ ಆತನ ಕೈ ಹಿಡಿಯಲಿಲ್ಲ. ಥೇಮ್ಸ್ ನದಿಯ ಕೆಳಗಿನ ಸುರಂಗದ ಕೆಲಸ 1808ರಲ್ಲಿ ನಿಂತುಹೋಯಿತು. ಅದೇ ವರ್ಷ ಲಂಡನ್‌ನಲ್ಲಿ ವೃತ್ತಾಕಾರದ ಹಳಿಯ ಮೇಲೆ ಓಡಿಸಿದ ರೈಲು ಲಾಭ ತರಲಿಲ್ಲ. 1811ರಲ್ಲಿ ದಿವಾಳಿಯಾದ. 1816ರಲ್ಲಿ ಪೆರುವಿನ ಬೆಳ್ಳಿ ಗಣಿಗಳಿಗೆ ಹೊರಟವನು ಅಲ್ಲಿನ ಸ್ವಾತಂತ್ರ್ಯ ಸಮರದಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡ. 1827ರಲ್ಲಿ ಕಾರ್ಟಹೇನಾ ಬಂದರಿನಲ್ಲಿ ಬರಿಗೈಯಲ್ಲಿ ನಿಂತಿದ್ದ ಆತನಿಗೆ ಊರು ಸೇರಲು 50 ಪೌಂಡ್ ಕೊಟ್ಟಿದ್ದು ಯುವ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್. ಮರುವರ್ಷ ಗೌರವಧನಕ್ಕಾಗಿ ಸಂಸತ್ತಿಗೆ ಸಲ್ಲಿಸಿದ ಮನವಿ ಫಲ ನೀಡಲಿಲ್ಲ.

1829ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಕಂಪೆನಿ ರೇನ್‌ಹಿಲ್‌ನಲ್ಲಿ ಎಂಜಿನ್‌ಗಳ ಸ್ಪರ್ಧೆ ಏರ್ಪಡಿಸಿತು. ಪ್ರತಿ ಎಂಜಿನ್‌ಗೂ ಎರಡು ಸುರಕ್ಷತಾ ಕವಾಟಗಳಿರಬೇಕು, ಒಂದು ಚಾಲಕನ ಕೈಗೆ ಎಟಕಬಾರದು, ಎಂಜಿನ್ ನಡೆಯುವಾಗ ಯಾವುದನ್ನೂ ಬಿಗಿದು ಕಟ್ಟಬಾರದು ಎಂಬುದು ಅದರ ಷರತ್ತುಗಳಲ್ಲೊಂದು. ಗ್ರೀನಿಚ್‌ನ ಪಾಠ 26 ವರ್ಷಗಳಲ್ಲಿ ನಿಯಮವಾಗಿತ್ತು. ಆ ಸ್ಪರ್ಧೆಯಲ್ಲಿ ಗೆದ್ದದ್ದು ಸ್ಟೀಫನ್‌ಸನ್‌ರ ರಾಕೆಟ್.

1833ರ ಏಪ್ರಿಲ್ 22ರಂದು ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್‌ನ ವಸತಿಗೃಹವೊಂದರಲ್ಲಿ ಟ್ರೆವಿಥಿಕ್ ನಿಧನನಾದ. ಕೈಯಲ್ಲಿ ಹಣವಿರಲಿಲ್ಲ, ಬಂಧುಗಳು ಬಳಿಯಲ್ಲಿರಲಿಲ್ಲ. ಆತ ದುಡಿಯುತ್ತಿದ್ದ ಕಾರ್ಖಾನೆಯ ಸಹೋದ್ಯೋಗಿಗಳೇ ಅಂತ್ಯಕ್ರಿಯೆಗೆ ನೆರವಾದರು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ.

ಇಂದು ಬಾಯ್ಲರ್‌ಗಳ ಪರೀಕ್ಷೆ ಮತ್ತಷ್ಟು ಕಟ್ಟುನಿಟ್ಟಾಗಿದೆ. ಉಗಿ ಹೊರಹೋಗುವ ಮುಖ್ಯ ಮಾರ್ಗ ಮುಚ್ಚಿ, ಪೂರ್ಣ ಉರಿ ಹಾಕಿ, ಒತ್ತಡ ಗರಿಷ್ಠ ಮಿತಿಗಿಂತ ಶೇ 10ಕ್ಕೂ ಹೆಚ್ಚು ಏರದಂತೆ ಕವಾಟಗಳು ಉಗಿ ಬಿಡುತ್ತವೆಯೇ ಎಂದು ನೋಡಲಾಗುತ್ತದೆ. ಬಳಿಕ ಯಾರೂ ಕೈಯಾಡಿಸದಂತೆ ಕವಾಟಕ್ಕೆ ಬೀಗ ಇಲ್ಲವೇ ಮೊಹರು ಬೀಳುತ್ತದೆ. ದಣಿದ, ಅವಸರದ, ಮೈಮರೆತ ಮನುಷ್ಯನ ಕೈ ಯಾವ ಹೊತ್ತಿನಲ್ಲಾದರೂ ತಪ್ಪಬಹುದೆಂದು ಒಪ್ಪಿಕೊಂಡು ಯಂತ್ರ ರೂಪಿಸಿದವನು ಟ್ರೆವಿಥಿಕ್. ಆ ಬೀಗದ ಹಿಂದೆ ಗ್ರೀನಿಚ್‌ನ ನಾಲ್ಕು ಜೀವಗಳ ನೆನಪಿದೆ.